ಚಿಲಕ

ಗಾಳಿಕಂಬದ ಕಂಪನಿಯವರು ವಾಚ್‌ಮನ್‌ಗೆಂದು ಕಟ್ಟಿಸಿ
ಕೆಲಸ ಮುಗಿದ ಮೇಲೆ ಬಿಟ್ಟುಹೋದ ಕೋಣೆ.
ದುರ್ಗದಿಂದ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆ.
ಒಂದು ಬಾಗಿಲು, ಒಂದೂವರೆ ಕಿಟಕಿ
(ಅರ್ಧಕ್ಕೆ ಇಟ್ಟಿಗೆ ತುಂಬಿದ್ದಾರೆ, ಯಾಕೋ ಗೊತ್ತಿಲ್ಲ),
ಮೇಲೆ ತಗಡು, ಸುತ್ತ ಸೀತಾಫಲದ ಕುರುಚಲು.
ಪಾಲಯ್ಯ ಇದನ್ನು ಕೊಂಡದ್ದು
ಲೇತ್ ಅಂಗಡಿಯ ಹಳೇ ಬಾಕಿ ವಸೂಲಾದ ವರ್ಷ.
ನಾನು ಕೇಳಿದ್ದು ಒಂದು ಜೊತೆ ಬೆಂಡೋಲೆ.

ಶುಕ್ರವಾರ ಗಾಂಧಿ ಜಯಂತಿ, ಶನಿವಾರ ನನ್ನ ವಾರದ ರಜೆ,
ಭಾನುವಾರಕ್ಕೆ ಸಿಸ್ಟರ್ ರೋಸ್‌ಲಿನ್ ಕೈಕಾಲು ಹಿಡಿದು ಬದಲಿ.
ಹನ್ನೊಂದು ರಾತ್ರಿಪಾಳಿಯ ನಂತರ ನನಗೆ ಬೇಕಿದ್ದುದು
ಒಂದು ಚಾಪೆ, ಅದರ ಮೇಲೆ ನಾನು. ಅಷ್ಟೆ.
ಅವನು ಸ್ಕೂಟರಿನಿಂದ ಇಳಿದವನೇ
ಜೇಬಿನಿಂದ ಬಿಲ್ಲೊಂದರ ಹಿಂಬದಿ ತೆಗೆದ. ಹದಿನಾಲ್ಕು ಕೆಲಸ.
ತಗಡಿಗೆ ವಾಷರ್. ಟ್ಯಾಂಕಿನ ಪಾಚಿ. ಗೆದ್ದಲು.
ಬಾಗಿಲಿಗೆ ಹೊಸ ಚಿಲಕ.
"ಇಲ್ಲಿ ಏನ್ ಕದಿಯೋಕ್ ಬರ್ತಾರೆ, ನಿನ್ನ ಸುತ್ತಿಗೆನಾ?" ಅಂದೆ.
"ಚಿಲಕ ಅಂದ್ರೆ ಬರೀ ಕಳ್ಳರಿಗಲ್ಲ" ಅಂದ,
ಬಾಯಲ್ಲಿ ಮೂರು ಸ್ಕ್ರೂ ಕಚ್ಚಿಕೊಂಡು, ತತ್ವಜ್ಞಾನಿಯ ಹಾಗೆ.

ಸಂಜೆಯವರೆಗೂ ಟಣ್ ಟಣ್ ಟಣ್.
ನಿದ್ದೆಯೊಳಗೂ ಅದೇ. ಕನಸಿನಲ್ಲಿ ಆರನೇ ಬೆಡ್ಡಿನ ಅಜ್ಜ
ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದ, "ತಾಯೀ, ನೀರು."
ಎದ್ದು ಕೂತೆ. ನೀರು ಯಾರಿಗೂ ಬೇಕಿರಲಿಲ್ಲ.

ಶನಿವಾರ, ಸುಮ್ಮನಿರುವುದನ್ನು ಕಲಿಯೋಣವೆಂದು ಕೂತೆ.
ಹತ್ತು ನಿಮಿಷ. ಆಮೇಲೆ ಕೈ ತಾನಾಗಿ ಎದ್ದು
ಹಾಸಿಗೆಯ ಮೂಲೆಗಳನ್ನು ವಾರ್ಡಿನ ಹಾಗೆ ಮಡಿಸಿತು,
ಪಾತ್ರೆ ತೊಳೆಯಿತು, ತೊಳೆದದ್ದನ್ನೇ ತೊಳೆಯಿತು,
ಚೇಳೊಂದನ್ನು ಪೊರಕೆಯಲ್ಲಿ ನಯವಾಗಿ ಡಿಸ್ಚಾರ್ಜ್ ಮಾಡಿತು.
ಪಾಲಯ್ಯ ಏಣಿಯ ಮೇಲಿಂದ ನಕ್ಕ:
"ನಿನ್ನ ಪಟ್ಟಿ ಎಲ್ಲಿ, ತೋರ್ಸು."

ಬಂಡೆಯ ನೆರಳಲ್ಲಿ ಮಂಡಕ್ಕಿ, ತಣ್ಣಗಾದ ಮೆಣಸಿನಕಾಯಿ.
ಬೈಗಿಗೆ ಇಬ್ಬರೂ ಕಣ್ಣು ಬಿಟ್ಟ ಸೀತಾಫಲ ಕಿತ್ತು
ಕುಕ್ಕೆ ತುಂಬಿಸಿ ಜಗಲಿಯಲ್ಲಿಟ್ಟೆವು.
ಗಾಳಿಗೆ ಹಾರದಿರಲೆಂದು ಅವನ ಪಟ್ಟಿಯೂ ಕುಕ್ಕೆಯ ಅಡಿಗೆ.
ಒಂಬತ್ತು ಮುಗಿದಿತ್ತು, ಐದು ಉಳಿದಿತ್ತು.

ರಾತ್ರಿ ಗುಡ್ಡದ ಸಾಲಿನುದ್ದಕ್ಕೂ ಗಾಳಿಕಂಬಗಳ ಕೆಂಪು ದೀಪ
ಹೊತ್ತಿ ಆರಿ, ಹೊತ್ತಿ ಆರಿ.
ಅಭ್ಯಾಸಬಲ, ಎಣಿಸಿದೆ.
ನಿಧಾನ, ಆದರೆ ತಪ್ಪದ ನಾಡಿ. ಗುಡ್ಡ ಬದುಕುತ್ತದೆ.

ಆಗ ಕೇಳಿತು. ಮೊದಲು ಮೂಸುವ ಸದ್ದು, ತಿದಿ ಒತ್ತಿದ ಹಾಗೆ.
ಕುಕ್ಕೆ ಉರುಳಿತು.
ಆಮೇಲೆ ಲೊಚಲೊಚ ಚಪ್ಪರಿಕೆ,
ಮದುವೆಮನೆಯ ಕೊನೇ ಪಂಕ್ತಿಗೆ ಕೂತ ದೊಡ್ಡಪ್ಪನಂತೆ,
ಯಾರ ಹಂಗೂ ಇಲ್ಲದೆ.
"ಕರಡಿ" ಅಂದ ಪಾಲಯ್ಯ, ತುಟಿ ಮಾತ್ರ ಆಡಿಸಿ.

ನಡುವೆ ಒಂದು ಬಾಗಿಲು, ಅದಕ್ಕೆ ನಿನ್ನೆಯ ಚಿಲಕ.
ಒಮ್ಮೆ ಬೆನ್ನು ತಿಕ್ಕಿಕೊಂಡಿತು ಹಲಗೆಗೆ.
ನಾಲ್ಕು ಸ್ಕ್ರೂ ತುಟಿಪಿಟಕ್ಕೆನ್ನದೆ ಹಿಡಿದುಕೊಂಡವು.
ಅವನ ಮಣಿಕಟ್ಟು ನನ್ನ ಬೆರಳಲ್ಲಿ: ನೂರಾ ಹದಿನೆಂಟು.
ನನ್ನದನ್ನು ನೋಡಿಕೊಳ್ಳಲಿಲ್ಲ.
ಎಷ್ಟು ಹೊತ್ತೋ. ಏನೂ ಮಾಡಲಾಗದ ಹೊತ್ತು,
ಏನೂ ಮಾಡಲೇಬಾರದ ಹೊತ್ತು.
ಯಾರೂ ಕರೆಯುವಂತಿಲ್ಲ,
ಕರೆದರೂ ನಾನು ಹೋಗುವಂತಿಲ್ಲ.
ಹೇಳಿದರೆ ನಗುತ್ತೀರಿ,
ಅದಿನ್ನೂ ತಿನ್ನುತ್ತಿದ್ದಾಗಲೇ ನನಗೆ ನಿದ್ದೆ ಹತ್ತಿತು.

ಎದ್ದಾಗ ಬಿಸಿಲಿಗೆ ತಗಡು ಚಟಪಟ ಅನ್ನುತ್ತಿತ್ತು.
ಜಗಲಿ ತುಂಬ ಕಪ್ಪು ಬೀಜ, ಹರಿದ ಸಿಪ್ಪೆ.
ಪಟ್ಟಿ ಹಣ್ಣಿನ ರಸಕ್ಕೆ ಮುದ್ದೆಯಾಗಿ ನೆಲಕ್ಕಂಟಿತ್ತು;
"ಟ್ಯಾಂ" ಅಂತ ಒಂದಕ್ಷರ ಓದಬಹುದಿತ್ತು.
ಪಾಲಯ್ಯ ಅದನ್ನು ಎಬ್ಬಿಸಿ ಒಣಗಿಸಲು ನೋಡಿದ.
ಬಿಟ್ಟ. ಬಂದು ನನ್ನ ಪಕ್ಕ ಕಾಲು ಚಾಚಿದ.
ಆ ದಿನ ನಾವು ಮಾಡಿದ್ದು: ಎರಡು ಸಲ ಚಾ.

ಕತ್ತಲಾಗುವ ಮೊದಲೇ ಹೊರಟೆವು.
ಡಿಕ್ಕಿಯಲ್ಲಿ ಸುತ್ತಿಗೆ ಕುಣಿಯುತ್ತಿತ್ತು.
"ಬೆಂಡೋಲೆ ದೀಪಾವಳಿಗೆ" ಅಂದ, ತಿರುವಿನಲ್ಲಿ, ಕೇಳದೆಯೇ.
"ಇರಲಿ" ಅಂದೆ,
"ಮೊದಲು ಆ ಒಂದೂವರೆ ಕಿಟಕಿಗೂ ಚಿಲಕ ಹಾಕು."